ಬಿಡಬೇಕೆನ್ನಿಸುವುದು ಬೇರೆ, ಬಿಡುವುದು ಬೇರೆ: ಐಟಿ ಕಂಪನಿಯ ಎರಡನೆಯ ವರ್ಷ

2022ರ ಜೂನ್‌ಗೆ ಮುಗಿದ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಅಟ್ರಿಷನ್ ಪ್ರಮಾಣ ಶೇ 28.4. ಹಿಂದಿನ ಹನ್ನೆರಡು ತಿಂಗಳಲ್ಲಿ ನೂರಕ್ಕೆ ಇಪ್ಪತ್ತೆಂಟು ಮಂದಿ ತಾವಾಗಿಯೇ ಕೆಲಸ ಬಿಟ್ಟು ಹೋಗಿದ್ದರು ಎಂದು ಅದರ ಅರ್ಥ. 2024ರ ಮಾರ್ಚ್ ಹೊತ್ತಿಗೆ ಅದೇ ಅಂಕಿ 12.6ಕ್ಕೆ ಇಳಿದಿತ್ತು. ಟಿಸಿಎಸ್‌ನಲ್ಲೂ 2022ರ ಸೆಪ್ಟೆಂಬರ್‌ನಲ್ಲಿ 21.5 ಇದ್ದದ್ದು 12.5ಕ್ಕೆ ಬಂದಿತ್ತು. ಈ ಎರಡು ವರ್ಷದೊಳಗೆ ಸಂಬಳ ದುಪ್ಪಟ್ಟಾಯಿತೇ? ಮ್ಯಾನೇಜರುಗಳೆಲ್ಲ ಸಾಧುಸಂತರಾಗಿಬಿಟ್ಟರೇ? ಸಿಲ್ಕ್ ಬೋರ್ಡ್ ಜಂಕ್ಷನ್ ಖಾಲಿಯಾಯಿತೇ? ಅಂಥದ್ದೇನೂ ನಡೆಯಲಿಲ್ಲ. ನಡೆದದ್ದು ಇಷ್ಟೇ: ಹೊರಗೆ ಕೆಲಸ ಸಿಗುವುದು ಕಷ್ಟವಾಯಿತು. 2023–24ರ ಒಂದೇ ಹಣಕಾಸು ವರ್ಷದಲ್ಲಿ ಇನ್ಫೋಸಿಸ್‌ನ ಒಟ್ಟು ನೌಕರರ ಸಂಖ್ಯೆ 25,994ರಷ್ಟು, ವಿಪ್ರೊದ್ದು 24,516ರಷ್ಟು, ಟಿಸಿಎಸ್‌ನದು 13,249ರಷ್ಟು ಕುಗ್ಗಿತು. ಮಳೆ ಸುರಿಯುವಾಗ ಬಸ್ ತಂಗುದಾಣದಲ್ಲಿ ನಿಂತವರೆಲ್ಲ ತಂಗುದಾಣವನ್ನು ಮೆಚ್ಚಿ ನಿಂತವರಲ್ಲ.

ಆದ್ದರಿಂದ ‘ಈಗಿನ ಹುಡುಗರು ಯಾಕೆ ಕೆಲಸ ಬಿಡುತ್ತಾರೆ’ ಎಂಬ ಪ್ರಶ್ನೆಯನ್ನು ಎರಡಾಗಿ ಒಡೆದು ಕೇಳಬೇಕು. ಬಿಡಬೇಕು ಎಂದು ಏಕೆ ಅನ್ನಿಸುತ್ತದೆ? ಅನ್ನಿಸಿದ ಮೇಲೆ ಬಿಡಲು ದಾರಿ ಇದೆಯೇ? ಅಮೆರಿಕದ ವಿದ್ವಾಂಸರಾದ ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ 1958ರಲ್ಲಿಯೇ ಇವೆರಡನ್ನು ಬೇರೆ ಬೇರೆಯಾಗಿ ಇಟ್ಟು ನೋಡಿದ್ದರು. 1977ರಲ್ಲಿ ವಿಲಿಯಂ ಮೊಬ್ಲಿ ನಡುವಿನ ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು ಬೇಸರ, ಆಮೇಲೆ ಬಿಡುವ ಯೋಚನೆ, ಬಿಟ್ಟರೆ ಏನು ಸಿಕ್ಕೀತು ಏನು ಹೋದೀತು ಎಂಬ ಲೆಕ್ಕ, ಹುಡುಕಾಟ, ಹೋಲಿಕೆ, ಕೊನೆಗೆ ರಾಜೀನಾಮೆ. ಎಷ್ಟೋ ಜನ ಎರಡನೆಯ ಮೆಟ್ಟಿಲಿನಲ್ಲೇ ವರ್ಷಗಟ್ಟಲೆ ನಿಂತಿರುತ್ತಾರೆ. ಕಂಪನಿ ಎಣಿಸುವುದು ಕೊನೆಯ ಮೆಟ್ಟಿಲನ್ನು ಮಾತ್ರ.

ಬೆಂಗಳೂರಿನ ಐಟಿ ಸೇವಾ ಕಂಪನಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಾಸನದ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಕಾಲೇಜಿನಲ್ಲೇ ಕ್ಯಾಂಪಸ್ ಆಯ್ಕೆ, ಕೆಲವು ತಿಂಗಳ ಜಾವಾ ತರಬೇತಿ, ಆಮೇಲೆ ಪ್ರಾಜೆಕ್ಟ್ ಸಿಗುವವರೆಗೆ ಬೆಂಚ್, ಅಂದರೆ ಕೆಲಸವಿಲ್ಲದೆ ಕಾಯುವುದು. ಸಿಕ್ಕಿದ ಪ್ರಾಜೆಕ್ಟ್ ಮಾತ್ರ ಅಮೆರಿಕದ ಒಂದು ವಿಮಾ ಸಂಸ್ಥೆಯ ಸಪೋರ್ಟ್ ಕೆಲಸ, ಅದೂ ರಾತ್ರಿ ಪಾಳಿ. ಪರದೆಯ ಮೇಲೆ ಟಿಕೆಟ್‌ಗಳು, ಅಂದರೆ ದೋಷದ ದೂರುಗಳು, ಬಂದು ಬೀಳುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಎಷ್ಟು ಹೊತ್ತಿನೊಳಗೆ ಮುಗಿಸಬೇಕೆಂಬ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ನಡುರಾತ್ರಿಯಲ್ಲಿ ಓಡಬೇಕಿದ್ದ ಯಾವುದೋ ಲೆಕ್ಕದ ಪ್ರೋಗ್ರಾಂ ನಿಂತುಹೋಗಿದೆ. ಅವಳು ಪ್ರೋಗ್ರಾಂ ಬರೆದಿಟ್ಟುಹೋದ ದಾಖಲೆಯಾದ ಲಾಗ್ ತೆರೆಯುತ್ತಾಳೆ, ಹಿಂದಿನವರು ಬರೆದಿಟ್ಟ ಕಡತದಲ್ಲಿ ಆ ದೋಷದ ಸಂಖ್ಯೆ ಹುಡುಕುತ್ತಾಳೆ, ಅದರಲ್ಲಿ ಹೇಳಿದ ಹಾಗೆ ಪ್ರೋಗ್ರಾಂ ಅನ್ನು ಮತ್ತೆ ಓಡಿಸುತ್ತಾಳೆ, ನಿನ್ನೆ ಬರೆದ ವಾಕ್ಯವನ್ನೇ ಇಂದೂ ಬರೆದು ಟಿಕೆಟ್ ಮುಚ್ಚುತ್ತಾಳೆ. ಅದು ಏಕೆ ನಿಂತಿತು ಎಂದು ಹುಡುಕುವುದು ಅವಳ ಕೆಲಸವಲ್ಲ. ಅದಕ್ಕೆ ಇನ್ನೊಂದು ತಂಡವಿದೆ.

ಇಲ್ಲಿ ಹುಟ್ಟುವುದು ಬರಿಯ ಬೇಸರವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಕ್ಷೇತ್ರ ಯಾವುದಾದರೂ ಮೊದಲ ಕೆಲಸ ಬೇಸರದ್ದೇ. ನಿಜವಾದ ಭಯ ಬೇರೆಯದು. ಎರಡು ವರ್ಷದ ನಂತರ ಸಂದರ್ಶನಕ್ಕೆ ಹೋದರೆ ‘ಏನು ಕಟ್ಟಿದ್ದೀರಿ’ ಎಂದು ಕೇಳುತ್ತಾರೆ. ಕಲಿತ ಜಾವಾ ಅಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ನಾಲ್ಕು ವರ್ಷವಾದರೆ ಆ ಪ್ರಶ್ನೆಯನ್ನೂ ಕೇಳುವುದಿಲ್ಲ, ಸಪೋರ್ಟ್ ಕೆಲಸಕ್ಕೇ ಕರೆಯುತ್ತಾರೆ. ವೃತ್ತಿಯ ಮೊದಲ ಕೆಲವು ವರ್ಷಗಳಲ್ಲಿ ಕಲಿಕೆಯೂ ಸಂಬಳದ ಒಂದು ಭಾಗ. ಅದು ಸಿಗದ ಪ್ರತಿ ತಿಂಗಳೂ ಮುಂದಿನ ಹತ್ತು ವರ್ಷದ ಗಳಿಕೆಯಿಂದ ಕಡಿತವಾದಂತೆ. ಇದನ್ನು ಅವರು ಇಷ್ಟು ನೇರವಾಗಿ ಹೇಳದಿರಬಹುದು, ಆದರೆ ಲೆಕ್ಕ ಮಾತ್ರ ಅವರ ತಲೆಯಲ್ಲಿ ನಡೆಯುತ್ತಲೇ ಇರುತ್ತದೆ.

ಹಿರಿಯರು ಇದಕ್ಕೆ ‘ತಾಳ್ಮೆ ಇಲ್ಲ’ ಎಂಬ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಯುವಕರ ಉದ್ಯೋಗದ ದಾಖಲೆಗಳನ್ನು ಪರಿಶೀಲಿಸಿ 1992ರಲ್ಲಿ ಒಂದು ಲೆಕ್ಕ ಕೊಟ್ಟರು. ಅಲ್ಲಿನ ಸಾಮಾನ್ಯ ಯುವಕ ದುಡಿಮೆಯ ಮೊದಲ ಹತ್ತು ವರ್ಷಗಳಲ್ಲಿ ಏಳು ಕೆಲಸಗಳನ್ನು ಮಾಡುತ್ತಿದ್ದ, ಆ ಅವಧಿಯ ವೇತನ ಏರಿಕೆಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಕೆಲಸ ಬದಲಿಸಿದಾಗಲೇ ಬರುತ್ತಿತ್ತು. ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ಮೊದಲಿನ ಮಾತಿದು. ತನಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯಲು ಮಾಡಿ ನೋಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಸಂಸಾರದ ಭಾರ ಹೆಗಲೇರುವ ಮೊದಲು ಮಾಡಿ ನೋಡುವುದು ಅಗ್ಗ.

ಇನ್ನು ಸಂಬಳ. ವರ್ಷಕ್ಕೆ 3.6 ಲಕ್ಷ ರೂಪಾಯಿ ಸಿಟಿಸಿ ಎಂದಿಟ್ಟುಕೊಂಡು ಚೀಟಿಯನ್ನು ಬಿಡಿಸಿ ನೋಡೋಣ. ತಿಂಗಳಿಗೆ 30,000 ಆಯಿತು. ಆದರೆ ಸಿಟಿಸಿ ಎನ್ನುವುದು ನೌಕರರ ಕೈಗೆ ಬರುವ ಹಣವಲ್ಲ, ಅವರ ಮೇಲೆ ಕಂಪನಿ ಮಾಡುವ ಒಟ್ಟು ವೆಚ್ಚ. ಮೂಲವೇತನ 15,000 ಇದ್ದರೆ ಕಂಪನಿಯ ಪಾಲಿನ ಭವಿಷ್ಯನಿಧಿ, ಶೇ 12ರಂತೆ 1,800, ಇದರೊಳಗೇ ಇದೆ. ಬಹುಕಾಲ ದುಡಿದವರಿಗೆ ಬಿಡುವಾಗ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆಂದು ತೋರಿಸುವ ಸುಮಾರು 720 ಇದೆ. ಆರೋಗ್ಯ ವಿಮೆ ಮತ್ತು ಕೊಟ್ಟರೆ ಕೊಟ್ಟರು ಎನ್ನುವಂಥ ವೇರಿಯಬಲ್ ಭಾಗ ಸೇರಿ ಮೂರು ಸಾವಿರ ಹಿಡಿಯಿರಿ. ಉಳಿದ 24,480ರಲ್ಲಿ ನೌಕರರ ಪಾಲಿನ ಭವಿಷ್ಯನಿಧಿ 1,800 ಕಳೆದರೆ ಕೈಗೆ ಬರುವುದು 22,680. ಬಿಟಿಎಂ ಬಡಾವಣೆಯಲ್ಲೋ ಮಾರತ್ತಹಳ್ಳಿಯಲ್ಲೋ ಇಬ್ಬರು ಹಂಚಿಕೊಳ್ಳುವ ಪಿಜಿ ಕೋಣೆಗೆ ಹತ್ತು ಸಾವಿರದ ಆಸುಪಾಸು ಹೋಗುತ್ತದೆ. ಶಿಕ್ಷಣ ಸಾಲದ ಕಂತು ಇದ್ದರೆ ಉಳಿದದ್ದನ್ನು ಲೆಕ್ಕ ಹಾಕುವ ಅಗತ್ಯವೇ ಬೀಳುವುದಿಲ್ಲ.

ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ಈ ಆರಂಭಿಕ ವೇತನ ಹತ್ತು ಹನ್ನೆರಡು ವರ್ಷಗಳಿಂದ ಮೂರು, ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿದೆ. 2012ನ್ನು 100 ಎಂದು ಹಿಡಿದ ಗ್ರಾಹಕ ಬೆಲೆ ಸೂಚ್ಯಂಕವಾದರೋ 2025ರಲ್ಲಿ 190 ದಾಟಿತ್ತು. ಅಣ್ಣ ಸೇರಿದಾಗಿನ ಸಂಬಳಕ್ಕೇ ತಂಗಿಯೂ ಸೇರಿದರೆ ಅವಳ ಕೈಗೆ ಬಂದದ್ದು ಹೆಚ್ಚುಕಡಿಮೆ ಅರ್ಧ ಸಂಬಳ.

ಕಂಪನಿಗಳು ಏಕೆ ಹೆಚ್ಚು ಕೊಡುವುದಿಲ್ಲ? ಜಿಪುಣತನ ಎಂದು ಬೈದು ಮುಗಿಸಬಹುದು, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಸೇವಾ ಕಂಪನಿ ಮಾರುವುದು ಜನರ ಗಂಟೆಗಳನ್ನು. ಕ್ಲೈಂಟ್ ಒಂದು ತಂಡಕ್ಕೆ ಇಷ್ಟು ಎಂದು ಹಣ ಕೊಡುತ್ತಾನೆ. ಆ ತಂಡದ ತಳದಲ್ಲಿ ಕಡಿಮೆ ಸಂಬಳದ ಹೊಸಬರು ಹೆಚ್ಚಿದ್ದಷ್ಟೂ ಲಾಭದ ಅಂತರ ಹಿಗ್ಗುತ್ತದೆ. ಈ ರಚನೆಯನ್ನು ಉದ್ಯಮದವರು ಪಿರಮಿಡ್ ಎನ್ನುತ್ತಾರೆ. ಹೊಸಬರು ಹಳಬರಾಗುತ್ತ ಹೋದಂತೆ ದುಬಾರಿಯಾಗುತ್ತಾರೆ, ಮೇಲಿನ ಹಂತದಲ್ಲಿ ಎಲ್ಲರಿಗೂ ಜಾಗವಿರುವುದಿಲ್ಲ. ಪಿರಮಿಡ್ ನೆಟ್ಟಗೆ ನಿಲ್ಲಬೇಕಾದರೆ ಪ್ರತಿ ವರ್ಷ ಒಂದಷ್ಟು ಜನ ಹೊರಗೆ ಹೋಗಬೇಕು, ತಳಕ್ಕೆ ಹೊಸಬರು ಬರಬೇಕು. ಯಾರೂ ಬಿಡದೇ ಹೋದರೆ ಈ ಕಂಪನಿಗಳಿಗೆ ಅದು ಬೇರೆ ಬಗೆಯ ತಲೆನೋವು. ನೌಕರರನ್ನು ಉಳಿಸಿಕೊಳ್ಳುವ ಬಗ್ಗೆ ಎಚ್‌ಆರ್ ವಿಭಾಗ ಆಡುವ ಮಾತುಗಳನ್ನು ಕೇಳುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅವರು ಸುಳ್ಳು ಹೇಳುತ್ತಿಲ್ಲ. ಎಲ್ಲರನ್ನೂ ಉಳಿಸಿಕೊಳ್ಳುತ್ತೇವೆ ಎಂದು ಮಾತ್ರ ಹೇಳುತ್ತಿಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ವಿಚಿತ್ರವಿದೆ. ಒಳಗಿರುವವರಿಗೆ ಶೇ 7ರ ಹೈಕ್ (ವರ್ಷದ ಸಂಬಳ ಏರಿಕೆ), ಅದೇ ಕುರ್ಚಿಗೆ ಹೊರಗಿನಿಂದ ಬಂದವರಿಗೆ ಶೇ 30ರ ಏರಿಕೆ. ಏಕೆಂದರೆ ಹಣ ಬರುವ ಜೇಬು ಬೇರೆ. ಹೈಕ್‌ನ ಒಟ್ಟು ಮೊತ್ತ ವರ್ಷಕ್ಕೊಮ್ಮೆ ತೀರ್ಮಾನವಾಗಿ, ರೇಟಿಂಗ್ ಪ್ರಕಾರ ತಂಡದಲ್ಲಿ ಹಂಚಿಹೋಗುತ್ತದೆ. ಒಬ್ಬರಿಗೆ ಹೆಚ್ಚು ಕೊಟ್ಟರೆ ಮತ್ತೊಬ್ಬರಿಗೆ ಕತ್ತರಿ. ಹೊಸ ನೇಮಕದ ಖರ್ಚು ಹಾಗಲ್ಲ. ಕ್ಲೈಂಟ್ ಕಾಯುತ್ತಿದ್ದಾನೆ, ಖಾಲಿ ಕುರ್ಚಿಗೆ ಬಿಲ್ ಹಾಕಲು ಆಗುವುದಿಲ್ಲ, ಮಾರುಕಟ್ಟೆಯ ಬೆಲೆ ಕೊಟ್ಟು ತರಲೇಬೇಕು. ನಮ್ಮ ಹಾಸನದ ಹುಡುಗಿ ಎರಡು ವರ್ಷ ಶೇ 7ರಂತೆ ಏರಿಕೆ ಪಡೆದರೆ 4.12 ಲಕ್ಷಕ್ಕೆ ಬರುತ್ತಾಳೆ. ಅಲ್ಲಿಂದ ಶೇ 30ರ ಜಿಗಿತ ಸಿಕ್ಕರೆ 5.36 ಲಕ್ಷ. ಬೆಂಗಳೂರಿನಲ್ಲಿ ವಿದೇಶಿ ಸಂಸ್ಥೆಗಳು ತಾವೇ ತೆರೆದಿರುವ ಕಚೇರಿಗಳು, ಅಂದರೆ ಜಿಸಿಸಿಗಳು, ಸೇವಾ ಕಂಪನಿಗಳಲ್ಲಿ ಪಳಗಿದವರನ್ನು ಹೆಚ್ಚಿನ ಸಂಬಳಕ್ಕೆ ಸೆಳೆದುಕೊಳ್ಳುವುದೂ ಇದೇ ಅಂತರದಲ್ಲಿ.

ಬಿಡದೇ ಇದ್ದರೆ ಏನು ಸಿಗುತ್ತದೆ ಎಂಬುದನ್ನೂ ನೋಡಬೇಕಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯ ಕಾಲದಿಂದಲೂ ಕಾಯಂ ನೌಕರರಿಗೆ ಅದು ಸಿಗಲು ಐದು ವರ್ಷದ ಸೇವೆ ಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಒಂದೇ ವರ್ಷದ ಸೇವೆ ಸಾಕೆಂಬ ರಿಯಾಯಿತಿ ಕೊಟ್ಟಿರುವುದು ನಿಗದಿತ ಅವಧಿಯ ಗುತ್ತಿಗೆಯವರಿಗೆ. ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ದಿನ ಎಂಬ ಸೂತ್ರ. 15,000 ಮೂಲವೇತನಕ್ಕೆ ಐದು ವರ್ಷದ ಕೊನೆಗೆ 43,269 ರೂಪಾಯಿ ಆಗುತ್ತದೆ. ಕಂಪನಿ ಬದಲಿಸಿದರೆ ಒಂದೇ ವರ್ಷದಲ್ಲಿ ಸಿಗುವ ಹೆಚ್ಚಳ 1.24 ಲಕ್ಷ. ಎರಡನೆಯ ವರ್ಷ ಬಿಟ್ಟವರಿಗೆ ಸಿಟಿಸಿಯಲ್ಲಿ ತಿಂಗಳು ತಿಂಗಳು ತೋರಿಸುತ್ತಿದ್ದ ಆ 720 ರೂಪಾಯಿ ಎಂದೂ ಸಿಗುವುದಿಲ್ಲ, ಆದರೂ ಲೆಕ್ಕ ಬಿಡುವ ಕಡೆಗೇ ವಾಲುತ್ತದೆ.

ಇಲ್ಲಿಯೇ ಮನೆಯೊಳಗಿನ ಜಗಳದ ಬೇರೂ ಇದೆ. ಅಪ್ಪ ಸರ್ಕಾರಿ ಶಾಲೆಯಲ್ಲೋ ಕೆಇಬಿಯಲ್ಲೋ ಸೇರಿದ ಕಾಲದಲ್ಲಿ ಸೇವೆ ಉದ್ದವಾದಷ್ಟೂ ಪಿಂಚಣಿ ಬೆಳೆಯುತ್ತಿತ್ತು, ಬಡ್ತಿ ಜ್ಯೇಷ್ಠತೆಯ ಮೇಲೆ ಬರುತ್ತಿತ್ತು. ಒಂದೇ ಕಡೆ ಕೂತಿರುವುದು ಗುಣವಾಗಿರುವುದಕ್ಕಿಂತ ಹೆಚ್ಚಾಗಿ ಲಾಭವಾಗಿತ್ತು. ಕರ್ನಾಟಕದಲ್ಲಿ 2006ರ ಏಪ್ರಿಲ್ ನಂತರ ಸೇರಿದ ಸರ್ಕಾರಿ ನೌಕರರಿಗೇ ಆ ಹಳೆಯ ಪಿಂಚಣಿ ತಪ್ಪಿ, ನೌಕರರೂ ಸರ್ಕಾರವೂ ಹಣ ಕಟ್ಟುವ ಎನ್‌ಪಿಎಸ್ ಬಂತು. ಖಾಸಗಿ ಕಂಪನಿಯಲ್ಲಂತೂ ಕೂತಿದ್ದಕ್ಕೆ ಕೂಲಿ ಇಲ್ಲ. ‘ಇರುವ ಕೆಲಸ ಬಿಟ್ಟು ಹೋಗಬೇಡ ಮಗಳೇ’ ಎನ್ನುವ ಅಪ್ಪನದೂ ತಪ್ಪು ಲೆಕ್ಕವಲ್ಲ, ಅದು ಅವರ ಕಾಲದ ಲೆಕ್ಕ.

ಇಷ್ಟೆಲ್ಲ ಇದ್ದರೂ ಜನ ಕೂಡಿಸಿ ಕಳೆದು ರಾಜೀನಾಮೆ ಕೊಡುವುದು ಅಪರೂಪ. 1994ರಲ್ಲಿ ಸಂಶೋಧಕರಾದ ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ ಗಮನಿಸಿದ ಹಾಗೆ, ಅನೇಕರ ವಿಷಯದಲ್ಲಿ ಏನೋ ಒಂದು ಘಟನೆ ಆಘಾತದಂತೆ ಬಂದು ಬಡಿಯುತ್ತದೆ. ಅದು ದೊಡ್ಡದೇ ಆಗಬೇಕಿಲ್ಲ. ವರ್ಷವಿಡೀ ರಾತ್ರಿ ಪಾಳಿ ಮಾಡಿದ ಮೇಲೆ ಕೆಲಸ ಅಳೆಯುವ ಅಪ್ರೈಸಲ್ ಸಭೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ‘ನಿಮ್ಮ ಕೆಲಸ ಚೆನ್ನಾಗಿದೆ, ಆದರೆ ಈ ಸಲ ನಿಮ್ಮ ಬ್ಯಾಂಡ್‌ನಲ್ಲಿ ಎಲ್ಲರಿಗೂ ಇದೇ ರೇಟಿಂಗ್’ ಎಂದು ಮ್ಯಾನೇಜರ್ ಲ್ಯಾಪ್‌ಟಾಪ್ ನೋಡುತ್ತಲೇ ಹೇಳುತ್ತಾರೆ. ಅಥವಾ ಜೊತೆಗೆ ಸೇರಿದ ಗೆಳತಿ ಊಟದ ಹೊತ್ತಿನಲ್ಲಿ ಹೊಸ ಆಫರ್ ಲೆಟರ್ ತೋರಿಸುತ್ತಾಳೆ. ತಂಗಿಯ ನಿಶ್ಚಿತಾರ್ಥಕ್ಕೆ ಕೇಳಿದ ಎರಡು ದಿನದ ರಜೆ ‘ರಿಲೀಸ್ ಇದೆ’ ಎಂದು ರದ್ದಾಗುತ್ತದೆ. ಅಂದು ರಾತ್ರಿ ಪಿಜಿಯ ಮಂಚದ ಮೇಲೆ ಕೂತು ನೌಕರಿ ಜಾಲತಾಣದಲ್ಲಿ ಬಯೋಡೇಟಾ ಹೊಸದು ಮಾಡಲಾಗುತ್ತದೆ.

ಹೆಚ್ಚು ಜನರಿಗೆ ಬೇಕಿರುವುದು ಕಂಪನಿಯಿಂದಲ್ಲ, ಪ್ರಾಜೆಕ್ಟಿನಿಂದ ಬಿಡುಗಡೆ. ಒಳಗೇ ಬೇರೆ ತಂಡಕ್ಕೆ ಹೋಗುವ ನಿಯಮ ಕಾಗದದ ಮೇಲೆ ಎಲ್ಲ ಕಡೆಯೂ ಇದೆ. ಆದರೆ ಬಿಲ್ಲಿಂಗ್‌ನಲ್ಲಿರುವ, ಅಂದರೆ ಕ್ಲೈಂಟ್ ಹಣ ಕೊಡುತ್ತಿರುವ, ನೌಕರರನ್ನು ಮ್ಯಾನೇಜರ್ ಬಿಟ್ಟುಕೊಡಬೇಕು. ಬಿಟ್ಟರೆ ಅವರ ಲೆಕ್ಕದಲ್ಲಿ ಒಂದು ತಲೆ ಕಡಿಮೆ, ಬದಲಿ ಬರುವವರೆಗೆ ಕ್ಲೈಂಟ್‌ಗೆ ಉತ್ತರ ಹೇಳಬೇಕಾದವರೂ ಅವರೇ. ‘ಮುಂದಿನ ತ್ರೈಮಾಸಿಕದಲ್ಲಿ ನೋಡೋಣ’ ಎಂಬ ಉತ್ತರ ಹೀಗೆ ಹುಟ್ಟುತ್ತದೆ. ರಾಜೀನಾಮೆಗೆ ಅವರ ಒಪ್ಪಿಗೆ ಬೇಕಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಅತ್ಯಂತ ಮೂರ್ಖ ಗಂಟು ಇದು.

ಕೆಲಸದ ಗಂಟೆ ಮತ್ತು ಓಡಾಟದ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಎರಡೇ ಮಾತು. ಟಾಮ್‌ಟಾಮ್ ಸಂಸ್ಥೆಯ 2023ರ ಸಂಚಾರ ವರದಿಯಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಪ್ರಯಾಣಕ್ಕೆ ಸರಾಸರಿ 28 ನಿಮಿಷ 10 ಸೆಕೆಂಡು ಬೇಕಿತ್ತು. 2024ರಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ರಾಜ್ಯದಲ್ಲಿ ಎದ್ದಿತು, ನೌಕರರ ಸಂಘಟನೆಯಾದ ಕಿಟು ಬೀದಿಗಿಳಿದು ವಿರೋಧಿಸಿತು. ಇಂಥ ಸುದ್ದಿಗಳು ಯಾರನ್ನೂ ಮರುದಿನವೇ ಕೆಲಸ ಬಿಡಿಸುವುದಿಲ್ಲ. ಬಿಡುವ ಯೋಚನೆಗೆ ಗೊಬ್ಬರ ಮಾತ್ರ ಹಾಕುತ್ತವೆ.

ಈಗ ಎರಡನೆಯ ಪ್ರಶ್ನೆ, ದಾರಿ. ಮೊದಲ ಅಡ್ಡಿ ತೊಂಬತ್ತು ದಿನದ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ. ಹೊಸ ಕಂಪನಿಗೆ ಜನ ಬೇಕಿರುವುದು ಒಂದು ತಿಂಗಳೊಳಗೆ. ಮೂರು ತಿಂಗಳು ಕಾಯಿರಿ ಎಂದರೆ ಫೋನ್ ಇಟ್ಟುಬಿಡುತ್ತಾರೆ. ಅದಕ್ಕೆ ಹುಡುಗರು ಕಂಡುಕೊಂಡ ಉಪಾಯವೆಂದರೆ ಕೈಯಲ್ಲಿ ಇನ್ನೊಂದು ಆಫರ್ ಇಲ್ಲದೆಯೇ ಪೇಪರ್ ಹಾಕಿಬಿಡುವುದು, ಅಂದರೆ ರಾಜೀನಾಮೆ ಕೊಟ್ಟುಬಿಡುವುದು. ಜಾಲತಾಣದಲ್ಲಿ ‘ನೋಟಿಸ್ ಅವಧಿಯಲ್ಲಿದ್ದೇನೆ’ ಎಂದು ಬದಲಿಸಿದ ಕ್ಷಣದಿಂದ ಕರೆಗಳು ಬರತೊಡಗುತ್ತವೆ. ಒಂದು ಆಫರ್ ತೋರಿಸಿ ಇನ್ನೊಂದು, ಅದನ್ನು ತೋರಿಸಿ ಮತ್ತೊಂದು. ಬಿಡದಂತೆ ತಡೆಯಲು ಹಾಕಿದ ಬೇಲಿ ಮೊದಲು ಜಿಗಿ, ಆಮೇಲೆ ನೋಡು ಎಂದು ಕಲಿಸಿತು. ಮಾರುಕಟ್ಟೆ ಬಿಸಿಯಾಗಿದ್ದ 2022ರಲ್ಲಿ ಈ ಜಿಗಿತಕ್ಕೆ ಬೆಲೆ ಬಂತು. 2023ರ ಫೆಬ್ರುವರಿ ಹೊತ್ತಿಗೆ ವಿಪ್ರೊ ತಾನೇ ವರ್ಷಕ್ಕೆ 6.5 ಲಕ್ಷ ಎಂದು ಆಯ್ಕೆ ಮಾಡಿದ್ದ ಹೊಸಬರನ್ನು 3.5 ಲಕ್ಷಕ್ಕೆ ಸೇರುತ್ತೀರಾ ಎಂದು ಕೇಳುವ ಸ್ಥಿತಿ ಬಂದಿತ್ತು. ಆಗ ಕೈಯಲ್ಲಿ ಏನೂ ಇಲ್ಲದೆ ಜಿಗಿದವರು ನೆಲಕ್ಕೇ ಬಿದ್ದರು.

ಎರಡನೆಯದು ಬಾಂಡ್, ಅಂದರೆ ಇಷ್ಟು ವರ್ಷ ಇರದೆ ಬಿಟ್ಟರೆ ಹಣ ಕಟ್ಟುತ್ತೇನೆಂಬ ಕರಾರು. ಇದರ ಬಗ್ಗೆ ಹಾಸ್ಟೆಲ್ ಕೋಣೆಗಳಲ್ಲಿ ಹಬ್ಬಿರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇರಲಿಕ್ಕಿಲ್ಲ. ‘ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ’ ಎನ್ನುವುದು ಸರಿಯಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೊಂದು ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮತ್ತೆ ನೇಮಕಾತಿ ನಡೆಸುವ ಖರ್ಚು, ಹುದ್ದೆಯ ಮಟ್ಟ ಎಲ್ಲವನ್ನೂ ನೋಡಿ ಕೊಟ್ಟ ತೀರ್ಪು ಅದು. ಕೆಲಸದಲ್ಲಿರುವ ಅವಧಿಗೆ ಹಾಕಿದ ಷರತ್ತಿಗೂ ಬಿಟ್ಟ ಮೇಲೆ ಬೇರೆಡೆ ಸೇರಬಾರದು ಎಂಬ ಷರತ್ತಿಗೂ ವ್ಯತ್ಯಾಸವಿದೆ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಎರಡನೆಯದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಹಿ ಹಾಕುವ ಮೊದಲು ಓದಬೇಕಾದ ಕಾಗದವನ್ನು ಪೇಪರ್ ಹಾಕುವ ದಿನ ಹುಡುಕುವವರೇ ಜಾಸ್ತಿ. ಬಾಕಿ ವೇತನಕ್ಕೂ ಒಂದು ನಿಯಮ ಬಂದಿದೆ: ಹೊಸ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಹೊರಬಿದ್ದವರಿಗೂ ಎರಡು ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕು.

ದಾರಿ ಮುಚ್ಚಿದಾಗ ಬಿಡುವ ಯೋಚನೆ ಸಾಯುವುದಿಲ್ಲ, ರೂಪ ಬದಲಿಸುತ್ತದೆ. ಲಾಗಿನ್ ಸಮಯಕ್ಕೆ ಸರಿಯಾಗಿ ಬಂದು, ಹೇಳಿದ್ದಷ್ಟನ್ನು ಮಾಡಿ, ಸಭೆಯಲ್ಲಿ ಕ್ಯಾಮೆರಾ ಮುಚ್ಚಿ ಕೂರುವವರ ಸಂಖ್ಯೆ ಏರುತ್ತದೆ. ಕೆಲವರು ಬೆಳಗಿನ ಜಾವ ಕೆಪಿಎಸ್‌ಸಿ ಪುಸ್ತಕ ಹಿಡಿಯುತ್ತಾರೆ, ಕೆಲವರು ಜರ್ಮನಿಯ ವಿಶ್ವವಿದ್ಯಾಲಯಗಳ ಅರ್ಜಿ ತುಂಬುತ್ತಾರೆ. ಟಿಸಿಎಸ್ 2025ರ ಜುಲೈನಲ್ಲಿ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲೆ, ಅದು ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರ ಮಾತಾಗಿದ್ದರೂ, ಎಳೆಯರು ಬಾಯಿ ಬಿಗಿ ಹಿಡಿದರು. ಕೃತಕ ಬುದ್ಧಿಮತ್ತೆ ಮೊದಲು ನುಂಗುವುದು ಟಿಕೆಟ್ ಮುಚ್ಚುವ ಕೆಲಸವನ್ನೇ ಎಂಬ ಮಾತು ಅವರ ಕಿವಿಗೂ ಬಿದ್ದಿದೆ. ಹಾಗಾಗಿ ಇಲ್ಲಿರುವುದೂ ಭಯ, ಹೊರಗೆ ಹೋಗುವುದೂ ಭಯ.

ಕೊನೆಗೂ ಬಿಟ್ಟು ಹೊರಡುವವರನ್ನು ಎಚ್‌ಆರ್ ಎಕ್ಸಿಟ್ ಇಂಟರ್‌ವ್ಯೂಗೆ ಕರೆಯುತ್ತದೆ. ಅಥವಾ ಒಂದು ಫಾರಂ ಕಳಿಸುತ್ತದೆ, ಅದರಲ್ಲಿ ಕಾರಣಗಳ ಪಟ್ಟಿ ಇರುತ್ತದೆ. ಬಿಡುಗಡೆಯ ಪತ್ರ, ಅಂದರೆ ರಿಲೀವಿಂಗ್ ಲೆಟರ್, ಇನ್ನೂ ಕೈಗೆ ಬಂದಿಲ್ಲ, ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲನೆಗೆ ಇಲ್ಲಿಗೇ ಫೋನ್ ಮಾಡುತ್ತಾರೆ. ಈ ಹೊತ್ತಿನಲ್ಲಿ ಮ್ಯಾನೇಜರ್ ಹೆಸರು ಬರೆಯುವ ಧೈರ್ಯ ಯಾರಿಗಿದೆ? ‘ಉತ್ತಮ ಅವಕಾಶ’ ಎಂಬುದಕ್ಕೆ ಗುರುತು ಹಾಕಿ ಕಳಿಸುತ್ತಾರೆ. ಅಂಥ ಫಾರಂಗಳನ್ನೆಲ್ಲ ಒಟ್ಟು ಮಾಡಿದ ವರದಿಯಲ್ಲಿ ಸಂಬಳವೇ ಮುಖ್ಯ ಕಾರಣವಾಗಿ ಕಾಣುತ್ತದೆ. ಎರಡು ವರ್ಷ ರಾತ್ರಿ ಪಾಳಿಯಲ್ಲಿ ಒಂದೇ ವಾಕ್ಯ ಬರೆದದ್ದಾಗಲಿ, ಬೇರೆ ತಂಡಕ್ಕೆ ಹೋಗಲು ಕೇಳಿದ ಇಮೇಲ್‌ಗೆ ಉತ್ತರ ಬಾರದಿದ್ದದ್ದಾಗಲಿ ಅದರೊಳಗೆ ಇರುವುದಿಲ್ಲ. ಇದೇ ಪ್ರಶ್ನೆಯನ್ನು ಹದಿನೆಂಟನೆಯ ತಿಂಗಳಲ್ಲಿ ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ಆದರೆ ಹಾಗೆ ಕೇಳುವ ಮ್ಯಾನೇಜರ್‌ಗೆ ಬದಲಿ ನೌಕರರನ್ನು ಕೊಡುವ ಏರ್ಪಾಡನ್ನೂ ಕಂಪನಿ ಮಾಡಿರಬೇಕು, ಅದಕ್ಕೆ ತಗಲುವ ಖರ್ಚು ಆ ತ್ರೈಮಾಸಿಕದ ಲಾಭದಿಂದಲೇ ಹೋಗುತ್ತದೆ.